ರಸಗೊಬ್ಬರದ ಬಳಕೆ: ಭಾರತ ಮತ್ತು ಚೀನಾ, ರಾಯಚೂರು ಸೀಮೆಯ ನಿದರ್ಶನದೊಡನೆ

ಸಸ್ಯಗಳ ಬೆಳವಣಿಗೆಗೆ ಅವಶ್ಯವಾದ ಸಾರಜನಕ, ರಂಜಕ, ಪೊಟ್ಯಾಷ್ ಮೊದಲಾದ ಪೋಷಕದ್ರವ್ಯಗಳನ್ನು ವಾಯುಮಂಡಲದಿಂದಲೂ ಖನಿಜಗಳಿಂದಲೂ ಪಡೆದು, ಕಾರ್ಖಾನೆಗಳಲ್ಲಿ ಸಂಸ್ಕರಿಸಿ, ಭೂಮಿಗೆ ಒದಗಿಸುವ ಪದಾರ್ಥಗಳಿಗೆ ರಸಗೊಬ್ಬರವೆಂಬ ಹೆಸರು ಗ್ರಂಥಗಳಲ್ಲಿ ರೂಢಿಯಾಗಿದೆ. ಕೃಷ್ಣಾ ತುಂಗಭದ್ರಾ ನದಿಗಳ ನಡುವಣ ರಾಯಚೂರು ಸೀಮೆಯ ಹಿರಿಯ ರೈತರು ಮಾತ್ರ ಇದನ್ನು ಸರ್ಕಾರಿ ಗೊಬ್ಬರವೆಂದು ಕರೆಯುವುದುಂಟು. ತಿಪ್ಪೆಯಿಂದ ಬಂಡಿಯಲ್ಲಿ ಹೊಲಕ್ಕೆ ಹೋಗುವುದು ಮನೆಯ ಗೊಬ್ಬರ, ಚೀಲದಲ್ಲಿ ಊರಿಗೆ ಬರುವುದು ಸರ್ಕಾರದ ಗೊಬ್ಬರ ಎಂಬ ಈ ವಿಂಗಡಣೆಯಲ್ಲಿ, ಎರಡನೆಯದರ ಬೆಲೆಯೂ ಸರಬರಾಜೂ ಅಭಾವವೂ ಊರಾಚೆಯ ಶಕ್ತಿಗಳ ಕೈಯಲ್ಲಿವೆಯೆಂಬ ದೀರ್ಘಕಾಲದ ಅನುಭವ ಅಡಗಿದೆ. ಪ್ರಪಂಚದಲ್ಲಿ ರಸಗೊಬ್ಬರವನ್ನು ಅತ್ಯಧಿಕವಾಗಿ ಉಪಯೋಗಿಸುವ ದೇಶ ಚೀನಾ. ಅದರ ತರುವಾಯದ ಸ್ಥಾನ ಭಾರತದ್ದು. ಎರಡೂ ಪ್ರಾಚೀನವಾದ ಕೃಷಿದೇಶಗಳು, ಎರಡೂ ಅಪಾರ ಜನಸಂಖ್ಯೆಯುಳ್ಳವು, ಎರಡರಲ್ಲಿಯೂ ಬೇಸಾಯಗಾರನ ಹಿಡುವಳಿ ಅತ್ಯಲ್ಪ: ಭಾರತದಲ್ಲಿ 2015-16ರ ಕೃಷಿಗಣತಿಯ ಪ್ರಕಾರ ಸರಾಸರಿ 1.08 ಹೆಕ್ಟೇರು, ಚೀನಾದಲ್ಲಿ ಅದಕ್ಕಿಂತಲೂ ಕಡಮೆ. ಆದಕಾರಣ ಈ ಎರಡು ದೇಶಗಳ ತುಲನೆ, ವಿಸ್ತಾರವಾದ ಹಿಡುವಳಿಗಳುಳ್ಳ ಅಮೆರಿಕ ಮೊದಲಾದ ದೇಶಗಳೊಡನೆ ಮಾಡುವ ತುಲನೆಗಿಂತ ನಮಗೆ ಹೆಚ್ಚು ಉಪಯುಕ್ತವಾದುದು.

ದೇಶದ ಸರಾಸರಿಯೆಂಬುದು ಯಾವ ಒಂದು ಹೊಲದ ಸತ್ಯವೂ ಅಲ್ಲ. ಈ ಕಾರಣದಿಂದ ಈ ಲೇಖನದಲ್ಲಿ ಅಂಕಿಗಳನ್ನು ಒಂದು ನೆಲದ ಮೇಲೆ ನಿಲ್ಲಿಸಿ ನೋಡುವ ಪ್ರಯತ್ನ ಮಾಡಿದೆ. ಆ ನೆಲ ಮಲ್ಲಟ. ಹಿಂದೆ ಮಾನ್ವಿ ತಾಲೂಕಿಗೆ ಸೇರಿದ್ದು, ಸಿರವಾರ ಪ್ರತ್ಯೇಕ ತಾಲೂಕಾದ ಮೇಲೆ ಅದಕ್ಕೆ ಸೇರಿದ ಈ ಗ್ರಾಮ ರಾಯಚೂರು, ದೇವದುರ್ಗ, ಮಾನ್ವಿಗಳ ನಡುವಣ ಸೀಮೆಯಲ್ಲಿದೆ. ದಕ್ಷಿಣದಲ್ಲಿ ಮಾನ್ವಿಯ ಕಡೆ ತುಂಗಭದ್ರಾ ಎಡದಂಡೆ ಕಾಲುವೆಯ ಭತ್ತದ ಗದ್ದೆಗಳು. ಉತ್ತರದಲ್ಲಿ ದೇವದುರ್ಗದ ಕಡೆ ನಾರಾಯಣಪುರ ಬಲದಂಡೆ ಕಾಲುವೆಯ ಸೀಮೆ. ಇವೆರಡರ ನಡುವೆ, ವರ್ಷಕ್ಕೆ ಆರುನೂರು ಮಿಲಿಮೀಟರುಗಳ ಆಸುಪಾಸಿನ ಮಳೆಯನ್ನೇ ನಂಬಿದ ಕಪ್ಪುಮಣ್ಣಿನ ಎರೆಹೊಲಗಳೂ ಕೆಂಪುಮಣ್ಣಿನ ಮಸಾರಿಹೊಲಗಳೂ ಹರಡಿವೆ. ಕಾಲುವೆಯ ಗದ್ದೆಯಲ್ಲಿ ಬೀಳುವ ಗೊಬ್ಬರಕ್ಕೂ ಮಳೆಯಾಶ್ರಯದ ಜೋಳದ ಹೊಲದಲ್ಲಿ ಬೀಳುವ ಗೊಬ್ಬರಕ್ಕೂ ಇರುವ ಅಂತರ, ಚೀನಾ ಭಾರತಗಳ ಸರಾಸರಿಗಳ ನಡುವಣ ಅಂತರಕ್ಕಿಂತ ಕಿರಿದಲ್ಲ. ಎರಡು ದೇಶಗಳ ಸ್ಥಿತಿಯನ್ನು ಒಂದೇ ಸೀಮೆಯೊಳಗೆ ಎದುರುಬದುರಾಗಿ ಕಾಣಬಯಸುವವರಿಗೆ ಇದಕ್ಕಿಂತ ಯೋಗ್ಯವಾದ ಸ್ಥಳ ದುರ್ಲಭ.

ಪೂರ್ವಪದ್ಧತಿ

ಚೀಲದ ಗೊಬ್ಬರ ಬರುವುದಕ್ಕೆ ಮೊದಲು ಎರಡು ದೇಶಗಳ ಕೃಷಿಕರು ಭೂಸಾರವನ್ನು ಕಾಪಾಡಿಕೊಂಡ ಬಗೆಯನ್ನು ಇಬ್ಬರು ವಿದೇಶೀಯ ವಿದ್ವಾಂಸರು ವಿವರವಾಗಿ ಬರೆದಿಟ್ಟಿದ್ದಾರೆ. ಇಂಗ್ಲೆಂಡಿನ ಕೃಷಿರಸಾಯನಜ್ಞ ಜಾನ್ ಅಗಸ್ಟಸ್ ವೋಲ್ಕರನು ಭಾರತವನ್ನು ಸಂಚರಿಸಿ 1893ರಲ್ಲಿ ಪ್ರಕಟಿಸಿದ ವರದಿಯಲ್ಲಿ, ಭಾರತೀಯ ರೈತನು ತನ್ನ ಕಸುಬಿನಲ್ಲಿ ಅಜ್ಞನಲ್ಲವೆಂದೂ, ಸೌದೆಯ ಅಭಾವದಿಂದ ಸೆಗಣಿಯನ್ನು ಒಲೆಗೆ ಹಾಕಬೇಕಾಗಿ ಬಂದಿರುವುದೇ ಭೂಮಿಯ ಸಾರಹಾನಿಗೆ ಮುಖ್ಯ ಕಾರಣವೆಂದೂ ಪ್ರತಿಪಾದಿಸಿದನು. ಮರಗಳು ವಿರಳವಾದ ರಾಯಚೂರಿನ ಬಯಲುಸೀಮೆಗೆ ಈ ಮಾತು ಅಕ್ಷರಶಃ ಅನ್ವಯಿಸುತ್ತಿತ್ತು: ಎತ್ತಿನ ಸೆಗಣಿಯ ಒಂದು ಪಾಲು ಕುಳ್ಳಾಗಿ ಒಲೆಗೆ, ಉಳಿದುದು ತಿಪ್ಪೆಗೆ. ತಿಪ್ಪೆಯ ಗೊಬ್ಬರ, ಬೇಸಗೆಯಲ್ಲಿ ಕೆರೆಯಿಂದ ತೆಗೆದ ಹೂಳು, ಸುಗ್ಗಿಯಾದ ಮೇಲೆ ಹೊಲದಲ್ಲಿ ರಾತ್ರಿಯೆಲ್ಲ ಕುರಿಮಂದೆಯನ್ನು ನಿಲ್ಲಿಸುವ ಕ್ರಮ, ಜೋಳದ ನಡುವೆ ತೊಗರಿಯ ಸಾಲು — ಇವೇ ಆ ನೆಲದ ಪೋಷಣೆಯ ಸಾಧನಗಳಾಗಿದ್ದವು. ಕುರಿಗಾರನಿಗೆ ಕಾಳನ್ನೋ ಹಣವನ್ನೋ ಕೊಟ್ಟು ಮಂದೆ ನಿಲ್ಲಿಸಿಕೊಳ್ಳುವ ಈ ಪದ್ಧತಿ ಇಂದಿಗೂ ಅಳಿದಿಲ್ಲ.

ಅಮೆರಿಕದ ಮೃತ್ತಿಕಾಶಾಸ್ತ್ರಜ್ಞ ಎಫ್. ಎಚ್. ಕಿಂಗನು 1909ರಲ್ಲಿ ಚೀನಾ, ಕೊರಿಯಾ, ಜಪಾನುಗಳನ್ನು ಸುತ್ತಿ ಕಂಡದ್ದು ಬೇರೆಯ ಚಿತ್ರ. ಅಲ್ಲಿ ಮಾನವಮಲವೂ ಕಾಲುವೆಯ ಕೆಸರೂ ಬೂದಿಯೂ ಕೊಳೆತ ಸೊಪ್ಪೂ ಒಂದು ಕಣವೂ ವ್ಯರ್ಥವಾಗದಂತೆ ಹೊಲಕ್ಕೆ ಹಿಂದಿರುಗುತ್ತಿದ್ದವು. ಷಾಂಘಾಯ್ ನಗರದ ವಿದೇಶೀಯರ ವಸತಿಭಾಗದಲ್ಲಿ 1908ರಲ್ಲಿ 78,000 ಟನ್ನು ಮಲವನ್ನು ಸಾಗಿಸುವ ಹಕ್ಕಿಗಾಗಿ ಒಬ್ಬ ಗುತ್ತಿಗೆದಾರನು 31,000 ಡಾಲರಿಗೂ ಮಿಗಿಲಾದ ಹಣವನ್ನು ತೆತ್ತನೆಂದು ಕಿಂಗನು ಬರೆದಿದ್ದಾನೆ. ಇತರ ನಗರಗಳು ಹಣ ಕೊಟ್ಟು ಕಳೆದುಕೊಳ್ಳುತ್ತಿದ್ದ ವಸ್ತುವನ್ನು ಚೀನೀ ರೈತನು ಹಣ ಕೊಟ್ಟು ಕೊಳ್ಳುತ್ತಿದ್ದನು. ಭಾರತದಲ್ಲಿ ಈ ಮಾರ್ಗಕ್ಕೆ ಅಡ್ಡಿಯಾಗಿದ್ದುದು ಶೌಚಾಶೌಚದ ಭಾವನೆಯೊಂದೇ ಎನ್ನಲಾಗದು. ಮಲ ಹೊರುವ ಕೆಲಸವನ್ನು ಕೆಲವು ಜಾತಿಗಳ ಹೆಗಲಿಗೆ ಕಟ್ಟಿ, ಅವರನ್ನೇ ಊರ ಹೊರಗಿಟ್ಟ ಸಮಾಜವು ಆ ಗೊಬ್ಬರದ ಸತ್ತ್ವವನ್ನೂ ಹೊರಗಿಟ್ಟಿತು. 1911ರಲ್ಲಿ ಪ್ರಕಟವಾದ ಕಿಂಗನ ಗ್ರಂಥದಿಂದ ಪ್ರೇರಿತನಾದ ಆಂಗ್ಲ ಕೃಷಿವಿಜ್ಞಾನಿ ಆಲ್ಬರ್ಟ್ ಹೋವರ್ಡನು ಚೀನೀಯರ ಕಾಂಪೋಸ್ಟು ಕ್ರಮವನ್ನು ಭಾರತದ ದನದ ಕೊಟ್ಟಿಗೆಗೆ ಹೊಂದಿಸಿ ಇಂದೂರಿನಲ್ಲಿ ರೂಪಿಸಿದ ವಿಧಾನವು ಇಂದೂರು ಪದ್ಧತಿಯೆಂದು ಲೋಕವಿಖ್ಯಾತವಾಯಿತು. ಗೊಬ್ಬರದ ವಿಷಯದಲ್ಲಿ ಚೀನಾದಿಂದ ನಾವು ಕಲಿತ ಮೊದಲ ಪಾಠ ಇದೆಂದು ಹೇಳಬಹುದು.

ಕಾರ್ಖಾನೆಗಳ ಯುಗ

ಸಸ್ಯಗಳ ಆಹಾರವು ಖನಿಜಮೂಲವಾದುದೆಂದು ಜರ್ಮನಿಯ ಲೀಬಿಗನು 1840ರಲ್ಲಿ ಪ್ರತಿಪಾದಿಸಿದ್ದೂ, ಇಂಗ್ಲೆಂಡಿನ ಲಾಸನು 1842ರಲ್ಲಿ ಸೂಪರ್ ಫಾಸ್ಫೇಟಿಗೆ ಹಕ್ಕುಪತ್ರ ಪಡೆದದ್ದೂ, ಜರ್ಮನ್ ರಸಾಯನಜ್ಞ ಹೇಬರನು 1909ರಲ್ಲಿ ಗಾಳಿಯ ಸಾರಜನಕದಿಂದ ಅಮೋನಿಯವನ್ನು ಸಂಯೋಜಿಸಿ ತೋರಿಸಿದ ವಿಧಾನವನ್ನು ಬಾಷನು 1913ರಲ್ಲಿ ಕಾರ್ಖಾನೆಗೆ ಇಳಿಸಿದ್ದೂ ಸರ್ವವಿದಿತ. ಭಾರತದಲ್ಲಿ ಮೊದಲ ಸೂಪರ್ ಫಾಸ್ಫೇಟ್ ಕಾರ್ಖಾನೆ 1906ರಲ್ಲಿ ರಾಣಿಪೇಟೆಯಲ್ಲಿ ಆರಂಭವಾಯಿತು. ಸಂಯೋಜಿತ ಅಮೋನಿಯದಿಂದ ಗೊಬ್ಬರ ತಯಾರಿಸುವ ಉದ್ಯಮಕ್ಕೆ ಮೊದಲಾಗಿ ಕೈಹಾಕಿದ ಕೀರ್ತಿ ಮೈಸೂರಿನ ಹತ್ತಿರದ ಬೆಳಗೊಳದ ಕಾರ್ಖಾನೆಗೆ ಸಲ್ಲಬೇಕು. ಬೃಹತ್ ಪ್ರಮಾಣದ ತಯಾರಿಕೆ 1951ರಲ್ಲಿ ಸಿಂದ್ರಿಯಿಂದ ಮೊದಲಾಯಿತು. ಮಂಗಳೂರಿನ ಪಣಂಬೂರು ಕಾರ್ಖಾನೆ 1976ರಿಂದಲೂ, ಗೋದಾವರಿ ತೀರದ ರಾಮಗುಂಡಂ ಕಾರ್ಖಾನೆ 1980ರಿಂದಲೂ ಯೂರಿಯಾ ತಯಾರಿಸತೊಡಗಿದವು. ರಾಮಗುಂಡಂ 1999ರಲ್ಲಿ ಮುಚ್ಚಿ, 2021ರಲ್ಲಿ ಹೊಸ ಯಂತ್ರಗಳೊಡನೆ ಮತ್ತೆ ತೆರೆಯಿತು.

ಚೀನಾ ಹಿಡಿದ ದಾರಿ ಬೇರೆ. ಹೋ ತೆ-ಪಾಂಗ್ ಎಂಬ ರಸಾಯನಜ್ಞನ ನೇತೃತ್ವದಲ್ಲಿ ಅಮೋನಿಯಂ ಬೈಕಾರ್ಬೊನೇಟನ್ನು ಕಲ್ಲಿದ್ದಲಿನಿಂದ ತಯಾರಿಸುವ ಕ್ರಮವನ್ನು ಸಿದ್ಧಪಡಿಸಿ, ಐವತ್ತರ ದಶಕದ ಕೊನೆಯಿಂದ ಜಿಲ್ಲೆಜಿಲ್ಲೆಗಳಲ್ಲಿ ಸಣ್ಣ ಕಾರ್ಖಾನೆಗಳನ್ನು ಅಲ್ಲಿ ಸ್ಥಾಪಿಸಿದರು. ಈ ಗೊಬ್ಬರ ಕಡಮೆ ಸತ್ತ್ವದ್ದು, ಬಿಸಿಲಿಗೆ ಬೇಗನೆ ಹಾರಿಹೋಗುವಂಥದು. ಆದರೂ ಸಮೀಪದಲ್ಲೇ ತಯಾರಾಗಿ ಸಮೀಪದಲ್ಲೇ ಬಳಕೆಯಾಗುತ್ತಿದ್ದುದರಿಂದ ರೈಲಿಗಾಗಿ ಕಾಯುವ ಸಂಕಟ ರೈತನಿಗೆ ಇರಲಿಲ್ಲ. ಅಮೆರಿಕದೊಡನೆ ಸಂಬಂಧ ತಿಳಿಯಾದ ಮೇಲೆ, 1972ರ ತರುವಾಯ, ಹದಿಮೂರು ದೊಡ್ಡ ಯೂರಿಯಾ ಕಾರ್ಖಾನೆಗಳನ್ನು ಚೀನಾ ಒಮ್ಮೆಗೇ ಹೊರದೇಶಗಳಿಂದ ತರಿಸಿಕೊಂಡಿತು. ಇಂದಿಗೂ ಅಲ್ಲಿನ ಯೂರಿಯಾದ ಬಹುಪಾಲು ಸ್ವದೇಶದ ಕಲ್ಲಿದ್ದಲಿನಿಂದ ತಯಾರಾಗುತ್ತದೆ. ಭಾರತದ ಯೂರಿಯಾ ಬಹುಮಟ್ಟಿಗೆ ಹಡಗಿನಲ್ಲಿ ಬರುವ ಅನಿಲವನ್ನು ಅವಲಂಬಿಸಿದೆ. ರಂಜಕದಲ್ಲಿ ಈ ಅಂತರ ಮತ್ತೂ ಅಧಿಕ. ಚೀನಾಕ್ಕೆ ಯುನ್ನಾನ್, ಗ್ವಿಜೋ, ಹುಬೆಯ್ ಪ್ರಾಂತಗಳ ಗಣಿಗಳಿವೆ. ನಮಗೆ ಉದಯಪುರದ ಬಳಿಯ ಝಾಮರಕೋಟ್ರಾ ಮೊದಲಾದ ಕೆಲವೇ ನೆಲೆಗಳುಂಟು. ಪೊಟ್ಯಾಷಿಗಾಗಿ ಚೀನಾ ಅರ್ಧ ಪರಾವಲಂಬಿಯಾದರೆ ಭಾರತ ಪೂರ್ಣ ಪರಾವಲಂಬಿ.

ಬಳಕೆಯ ಪ್ರಮಾಣ

1951-52ರಲ್ಲಿ ಇಡೀ ಭಾರತ ಬಳಸಿದ ರಸಗೊಬ್ಬರದ ಪೋಷಕಾಂಶ ಸುಮಾರು 66 ಸಾವಿರ ಟನ್ನು. ಅಂದರೆ ಹೆಕ್ಟೇರಿಗೆ ಒಂದು ಕಿಲೋಗ್ರಾಮೂ ಇರಲಿಲ್ಲ. 2000-01ರಲ್ಲಿ ಅದು 1 ಕೋಟಿ 67 ಲಕ್ಷ ಟನ್ನಿಗೂ, 2020-21ರಲ್ಲಿ ಸುಮಾರು 3 ಕೋಟಿ 25 ಲಕ್ಷ ಟನ್ನಿಗೂ ಏರಿತು. ಬಿತ್ತನೆಯ ಒಟ್ಟು ವಿಸ್ತೀರ್ಣದ ಮೇಲೆ ಲೆಕ್ಕಿಸಿದರೆ ಹೆಕ್ಟೇರಿಗೆ ಸುಮಾರು 160 ಕಿಲೋ, ಎಕರೆಗೆ 65 ಕಿಲೋ. ಚೀನಾ 1978ರಲ್ಲಿ 88 ಲಕ್ಷ ಟನ್ನು ಬಳಸಿ, 2015ರಲ್ಲಿ 6 ಕೋಟಿ ಟನ್ನನ್ನು ಮೀರಿತು. ಆ ವರ್ಷ ಅಲ್ಲಿನ ಕೃಷಿ ಮಂತ್ರಾಲಯವೇ ಪ್ರಕಟಿಸಿದ ಪ್ರಕಾರ ಬಳಕೆಯ ಪ್ರಮಾಣ ಒಂದು ಮೂ ನೆಲಕ್ಕೆ 21.9 ಕಿಲೋ. ಮೂ ಎಂಬುದು ಹೆಕ್ಟೇರಿನ ಹದಿನೈದನೆಯ ಒಂದು ಭಾಗ. ನಮ್ಮ ಎಕರೆಗೆ ಸುಮಾರು ಆರು ಮೂ. ಆದಕಾರಣ ಚೀನೀ ರೈತನ ಸರಾಸರಿ ಎಕರೆಗೆ 130 ಕಿಲೋ, ಅಂದರೆ ನಮ್ಮ ರೈತನ ಇಮ್ಮಡಿ.

ಫಲವೂ ಹಾಗೆಯೇ. ಚೀನಾದಲ್ಲಿ ಹೆಕ್ಟೇರಿಗೆ ಸುಮಾರು 7 ಟನ್ನು ಭತ್ತ ಬೆಳೆಯುತ್ತದೆ, ಭಾರತದಲ್ಲಿ 4 ಟನ್ನಿನ ಆಸುಪಾಸು. ಇಮ್ಮಡಿ ಗೊಬ್ಬರಕ್ಕೆ ಇಮ್ಮಡಿಯಷ್ಟು ಫಲವೆಂದು ಇದರಿಂದ ಸರಳವಾಗಿ ತೀರ್ಮಾನಿಸುವವರುಂಟು. ಆ ತೀರ್ಮಾನ ತಪ್ಪು. ಚೀನಾದ ಗದ್ದೆಗಳಲ್ಲಿ ನೀರಿನ ವ್ಯವಸ್ಥೆ ವ್ಯಾಪಕವಾದುದು, ಸಂಕರಭತ್ತದ ಪ್ರಸಾರ ಅಧಿಕ. ಇಳುವರಿಯ ಹೆಚ್ಚಳವನ್ನು ಇವುಗಳೊಡನೆ ಹಂಚಿಕೊಂಡಲ್ಲದೆ ಗೊಬ್ಬರಕ್ಕೆ ಕೊಡಲಾಗದು. ಅಲ್ಲದೆ ಚೀನಾದಲ್ಲಿ ಭತ್ತ, ಗೋದಿ, ಮೆಕ್ಕೆಜೋಳಗಳಿಗೆ ಹಾಕಿದ ಗೊಬ್ಬರದಲ್ಲಿ ಬೆಳೆಗೆ ಸೇರುತ್ತಿದ್ದುದು 2015ರಲ್ಲಿ ಶೇಕಡಾ 35ರಷ್ಟು ಮಾತ್ರ. ಮಿಕ್ಕದ್ದು ಗಾಳಿಗೆ, ನೀರಿಗೆ, ನೆಲದಾಳಕ್ಕೆ. 2007ರ ಬೇಸಗೆಯಲ್ಲಿ ತೈಹು ಸರೋವರ ಪಾಚಿಗಟ್ಟಿ ಹಸುರಾಗಿ, ವೂಶೀ ನಗರದ ಜನರಿಗೆ ದಿನಗಟ್ಟಲೆ ಕುಡಿಯುವ ನೀರಿಲ್ಲದೆ ಹೋದುದಕ್ಕೆ ಕಾರ್ಖಾನೆ ಮತ್ತು ನಗರಗಳ ಕೊಳಚೆಯ ಜೊತೆಗೆ ಹೊಲಗಳಿಂದ ಹರಿದ ಗೊಬ್ಬರವೂ ಕಾರಣವಾಗಿತ್ತು.

ತುಂಗಭದ್ರೆಯ ನೀರು, ಚೀನೀ ರಕ್ತದ ಭತ್ತ

ರಾಯಚೂರಿನ ನೆಲಕ್ಕೆ ಚೀಲದ ಗೊಬ್ಬರ ಬಂದದ್ದು ನೀರಿನ ಬೆನ್ನುಹತ್ತಿ. ಮದ್ರಾಸು ಮತ್ತು ಹೈದರಾಬಾದು ಸರ್ಕಾರಗಳು ಕೂಡಿ 1945ರಲ್ಲಿ ಕೈಗೊಂಡ ತುಂಗಭದ್ರಾ ಅಣೆಕಟ್ಟಿನಿಂದ 1953ರಲ್ಲಿ ನೀರು ಹರಿಯಿತು. 227 ಕಿಲೋಮೀಟರು ಉದ್ದದ ಎಡದಂಡೆ ಕಾಲುವೆ ಗಂಗಾವತಿ, ಸಿಂಧನೂರು, ಮಾನ್ವಿಗಳನ್ನು ಹಾಯ್ದು ರಾಯಚೂರಿನ ಕಡೆಗೆ ಸಾಗಿತು. ಯೋಜನೆಯನ್ನು ರೂಪಿಸಿದವರ ಮನಸ್ಸಿನಲ್ಲಿದ್ದುದು ಬರಪೀಡಿತ ಸೀಮೆಯ ವಿಸ್ತಾರವಾದ ಪ್ರದೇಶಕ್ಕೆ, ಜೋಳ ಹತ್ತಿ ಶೇಂಗಾಗಳಂಥ ಲಘು ಬೆಳೆಗಳಿಗೆ, ಸ್ವಲ್ಪ ಸ್ವಲ್ಪ ನೀರನ್ನು ಹಂಚುವ ಉದ್ದೇಶ. ನಡೆದುದೇ ಬೇರೆ. ಕರಾವಳಿ ಆಂಧ್ರದಿಂದ ಬಂದು ನೆಲೆಸಿದ ಅನುಭವಿ ಭತ್ತದ ಬೇಸಾಯಗಾರರ ವಸತಿಗಳು ಕ್ಯಾಂಪುಗಳೆಂಬ ಹೆಸರಿನಿಂದ ಕಾಲುವೆಯುದ್ದಕ್ಕೂ ಎದ್ದವು. ಅವರನ್ನು ಕಂಡು ಸ್ಥಳೀಯ ರೈತರೂ ಎರೆಯ ಹೊಲವನ್ನು ಮಡಿಕಟ್ಟಿ ಗದ್ದೆಮಾಡಿದರು. ಮೇಲಿನವರು ಎರಡು ಬೆಳೆ ಭತ್ತ ತೆಗೆದಾಗ ಮಾನ್ವಿ, ಸಿರವಾರ, ರಾಯಚೂರಿನ ಕಡೆಯ ಕೊನೆಭಾಗದ ರೈತರಿಗೆ ನೀರಿಗಾಗಿ ಧರಣಿ ಕೂಡುವುದು ಪ್ರತಿವರ್ಷದ ಕರ್ಮವಾಯಿತು.

ಆ ಗದ್ದೆಗಳಲ್ಲಿ ಬೆಳೆದ ಭತ್ತದ ವಂಶಾವಳಿಯನ್ನು ನೋಡಿದರೆ ನಮ್ಮ ತುಲನೆಗೆ ಹೊಸದೊಂದು ಅರ್ಥ ಬರುತ್ತದೆ. ಸೋನಾಮಸೂರಿಯೆಂಬ ವ್ಯಾಪಾರದ ಹೆಸರಿನಲ್ಲಿ ಬಹುಕಾಲ ಮಾರಾಟವಾದ ಭತ್ತಗಳಲ್ಲಿ ಬಾಪಟ್ಲದ ಬಿಪಿಟಿ 5204 ಪ್ರಸಿದ್ಧವಾದುದು. ಅದರ ಪೂರ್ವಜರಲ್ಲಿ ಮದ್ರಾಸಿನ ಜಿಇಬಿ 24 ತಳಿ ಒಂದು, ಮಸೂರಿ ಒಂದು, ತೈವಾನಿನ ತೈಚುಂಗ್ ನೇಟಿವ್ 1 ಮತ್ತೊಂದು. ಈ ಕಡೆಯದಕ್ಕೆ ಗಿಡ್ಡ ನಿಲುವನ್ನು ಕೊಟ್ಟದ್ದು ಡೀ-ಜಿಯೋ-ವೂ-ಜೆನ್ ಎಂಬ ಚೀನೀ ಭತ್ತ. ನಮ್ಮ ಹಳೆಯ ಎತ್ತರದ ಭತ್ತಕ್ಕೆ ಸಾರಜನಕ ಹೆಚ್ಚಾದರೆ ತೆನೆಯ ಭಾರಕ್ಕೆ ನೆಲಕ್ಕೊರಗಿ ಹಾಳಾಗುತ್ತಿತ್ತು. ಗಿಡ್ಡ ಭತ್ತ ಗೊಬ್ಬರವನ್ನು ಉಂಡು ನೆಟ್ಟಗೆ ನಿಂತಿತು. ಯೂರಿಯಾದ ಚೀಲವೂ ಅದನ್ನು ಅರಗಿಸಿಕೊಳ್ಳುವ ಪೈರೂ ಒಟ್ಟೊಟ್ಟಿಗೆ ಬಂದುವೆಂಬುದನ್ನು ಮರೆತು ಗೊಬ್ಬರದ ಇತಿಹಾಸವನ್ನು ಬರೆಯಲಾಗದು.

ರಾಯಚೂರಿನ ಕೃಷಿ ವಿಶ್ವವಿದ್ಯಾನಿಲಯವು ನೀರಾವರಿಯ ನಾಟಿ ಭತ್ತಕ್ಕೆ ಶಿಫಾರಸು ಮಾಡುವುದು ಹೆಕ್ಟೇರಿಗೆ 150 ಕಿಲೋ ಸಾರಜನಕ, 75 ಕಿಲೋ ರಂಜಕ, 75 ಕಿಲೋ ಪೊಟ್ಯಾಷ್. ರೈತನ ಭಾಷೆಗೆ ಇಳಿಸಿದರೆ, ಎಕರೆಗೆ ಸಾರಜನಕವೂ ರಂಜಕವೂ ಕೂಡಿದ ಡಿಎಪಿ ಒಂದೂಕಾಲು ಚೀಲದ ಮೇಲೆ ಸ್ವಲ್ಪ, ಪೊಟ್ಯಾಷ್ ಒಂದು ಚೀಲ, 45 ಕಿಲೋ ತೂಕದ ಯೂರಿಯಾ ಎರಡೂಕಾಲು ಚೀಲದ ಮೇಲೆ ಸ್ವಲ್ಪ. ಕಾಲುವೆಯ ಮೇಲ್ಭಾಗದ ಗದ್ದೆಗಳಲ್ಲಿ ಯೂರಿಯಾ ಈ ಗಡಿಯೊಳಗೆ ನಿಲ್ಲುವುದು ಅಪರೂಪ. ಪೈರು ಸ್ವಲ್ಪ ತಿಳಿಹಸುರಾದರೆ ಮತ್ತೊಂದು ಚೀಲ ಎರಚುವುದು ವಾಡಿಕೆ. ಕಪ್ಪುಹಸುರಾದ ಆ ಮೆತ್ತನೆಯ ಪೈರನ್ನು ಕಂದುಜಿಗಿಹುಳವೂ ಬೆಂಕಿರೋಗವೂ ಹುಡುಕಿಕೊಂಡು ಬರುತ್ತವೆ. ಅನಂತರ ಔಷಧದ ಖರ್ಚು. ದಲಾಲಿ ಅಂಗಡಿಯಲ್ಲಿ ಗೊಬ್ಬರವೂ ಔಷಧವೂ ಉದ್ರಿಯಾಗಿ ದೊರೆತು, ಸುಗ್ಗಿಯಲ್ಲಿ ಭತ್ತ ಅದೇ ಅಂಗಡಿಗೆ ಹೋಗುವ ಏರ್ಪಾಡಿನಲ್ಲಿ, ಗೊಬ್ಬರದ ಪ್ರಮಾಣವನ್ನು ಹೇಳುವವನು ಅದನ್ನು ಮಾರುವವನೇ ಆಗುತ್ತಾನೆ. ಈ ಒಂದು ಸಂಗತಿ ಎಲ್ಲ ಅಂಕಿಗಳಿಗಿಂತ ಮುಖ್ಯವೆಂದು ಈ ಲೇಖಕನು ಭಾವಿಸುತ್ತಾನೆ.

ಬೆಲೆ ಮತ್ತು ಸಮತೋಲ

ಭಾರತದಲ್ಲಿ ಸಾರಜನಕ, ರಂಜಕ, ಪೊಟ್ಯಾಷುಗಳ ಆದರ್ಶ ಪ್ರಮಾಣವನ್ನು 4:2:1 ಎಂದು ಹೇಳುವುದು ವಾಡಿಕೆ. ಇದು ಧಾನ್ಯದ ಬೆಳೆಗಳನ್ನು ಕಣ್ಣಮುಂದಿಟ್ಟುಕೊಂಡ ಸ್ಥೂಲವಾದ ಮಾನ; ಪ್ರತಿಯೊಂದು ಹೊಲಕ್ಕೂ ಅನ್ವಯಿಸುವ ವೇದವಾಕ್ಯವಲ್ಲ. ಆದರೂ ದೇಶದ ಸಮತೋಲ ತಪ್ಪಿದ್ದನ್ನು ತಿಳಿಯಲು ಸಾಕು. 1991-92ರಲ್ಲಿ ಈ ಪ್ರಮಾಣ 5.9:2.4:1 ಇದ್ದಿತು. 1992ರ ಆಗಸ್ಟ್ 25ರಂದು ರಂಜಕ ಪೊಟ್ಯಾಷುಗಳ ಬೆಲೆಯ ನಿಯಂತ್ರಣವನ್ನು ತೆಗೆದು ಯೂರಿಯಾವನ್ನು ಮಾತ್ರ ನಿಯಂತ್ರಣದಲ್ಲಿ ಉಳಿಸಿದ ಕೂಡಲೆ, ಒಂದೇ ವರ್ಷದಲ್ಲಿ ಅದು 9.5:3.2:1ಕ್ಕೆ ಜಾರಿತು. 2010ರ ಏಪ್ರಿಲ್ 1ರಿಂದ ಜಾರಿಗೆ ಬಂದ ಪೋಷಕಾಂಶಾಧಾರಿತ ಸಹಾಯಧನದಲ್ಲಿಯೂ ಯೂರಿಯಾ ಹೊರಗೇ ಉಳಿಯಿತು. ಇದರ ಪರಿಣಾಮವಾಗಿ 45 ಕಿಲೋ ಯೂರಿಯಾ ಚೀಲದ ಬೆಲೆ 266 ರೂಪಾಯಿ 50 ಪೈಸೆಯಾದರೆ, 50 ಕಿಲೋ ಡಿಎಪಿ ಚೀಲದ್ದು 1350 ರೂಪಾಯಿ. ಯೂರಿಯಾದಲ್ಲಿ ಒಂದು ಕಿಲೋ ಸಾರಜನಕ ಹದಿಮೂರು ರೂಪಾಯಿಯೊಳಗೆ ದೊರೆಯುವಾಗ, ಕೈಯಲ್ಲಿ ಕಾಸಿಲ್ಲದ ರೈತನು ಅದನ್ನೇ ಎರಚುವುದರಲ್ಲಿ ಅವನ ಅಜ್ಞಾನವೇನೂ ಇಲ್ಲ. ಬೆಲೆಯು ಕಲಿಸಿದ ಪಾಠವನ್ನು ಅವನು ಸರಿಯಾಗಿಯೇ ಕಲಿತಿದ್ದಾನೆ. ಸರ್ಕಾರದ ಸಹಾಯಧನದ ಮೊತ್ತ 2022-23ರಲ್ಲಿ ಎರಡೂವರೆ ಲಕ್ಷ ಕೋಟಿ ರೂಪಾಯಿಗಳನ್ನು ಮುಟ್ಟಿತು.

ಇಷ್ಟಾಗಿಯೂ ಬಿತ್ತನೆಯ ಹೊತ್ತಿಗೆ ಗೊಬ್ಬರ ಸಿಕ್ಕೀತೆಂಬ ಭರವಸೆಯಿಲ್ಲ. 2008ರ ಜೂನ್ 10ರಂದು ಹಾವೇರಿಯಲ್ಲಿ ಡಿಎಪಿ ಗೊಬ್ಬರಕ್ಕಾಗಿ ಸೇರಿದ ರೈತರ ಮೇಲೆ ನಡೆದ ಗೋಲಿಬಾರು ಕನ್ನಡನಾಡು ಮರೆಯಲಾಗದ ಘಟನೆ. 2021ರ ಅಕ್ಟೋಬರಿನಲ್ಲಿ ಚೀನಾ ತನ್ನ ರೈತರಿಗೆ ಮೊದಲು ಎಂಬ ನೀತಿಯಿಂದ ಗೊಬ್ಬರದ ರಫ್ತಿಗೆ ಅಡ್ಡಿಯನ್ನೊಡ್ಡಿದಾಗ, ಆ ದೇಶದ ಡಿಎಪಿಯನ್ನು ನೆಚ್ಚಿದ್ದ ಭಾರತದ ಸೊಸೈಟಿಗಳ ಮುಂದೆ ಸಾಲುಗಳು ಉದ್ದವಾದವು. ಬೀಜಿಂಗಿನಲ್ಲಿ ಹೊರಟ ಒಂದು ಆಜ್ಞೆಗೂ ಮಲ್ಲಟದ ಹತ್ತಿಯ ಬಿತ್ತನೆಗೂ ಹೀಗೆ ನೇರವಾದ ಸಂಬಂಧವಿದೆ.

ಹುಳಿಯಾದ ನೆಲ, ಸವಳಾದ ನೆಲ

ಒಂದೇ ಯೂರಿಯಾ ಎರಡು ದೇಶಗಳ ಮಣ್ಣಿನಲ್ಲಿ ಎರಡು ರೀತಿಯಾಗಿ ವರ್ತಿಸುತ್ತದೆ. ಚೀನಾದ ಮುಖ್ಯ ಕೃಷಿಪ್ರದೇಶಗಳ ಮಣ್ಣು 1980ರ ದಶಕದಿಂದ ಈಚೆಗೆ ಗಣನೀಯವಾಗಿ ಆಮ್ಲಗುಣವನ್ನು ಪಡೆಯಿತೆಂದೂ, ಸರಾಸರಿ ಅರ್ಧ ಪಿಎಚ್ ಅಂಶದಷ್ಟು ಹುಳಿಯಾಯಿತೆಂದೂ, ಅದಕ್ಕೆ ಅತಿಯಾದ ಸಾರಜನಕ ಗೊಬ್ಬರವೇ ಪ್ರಧಾನ ಕಾರಣವೆಂದೂ ಆ ದೇಶದ ವಿಜ್ಞಾನಿಗಳು 2010ರಲ್ಲಿ ಪ್ರಕಟಿಸಿದ ಸಂಶೋಧನೆ ತೋರಿಸಿತು. ನಿಸರ್ಗದ ಗತಿಯಲ್ಲಿ ಶತಮಾನಗಳು ಹಿಡಿಯಬೇಕಾದ ಪರಿವರ್ತನೆ ಕೆಲವೇ ದಶಕಗಳಲ್ಲಿ ಆಗಿಹೋಯಿತು.

ರಾಯಚೂರಿನ ಎರೆಮಣ್ಣು ಇದಕ್ಕೆ ವಿರುದ್ಧ ಸ್ವಭಾವದ್ದು: ಸುಣ್ಣದ ಅಂಶ ತುಂಬಿದ್ದು, ಕ್ಷಾರಗುಣದ್ದು. ಇಂಥ ನೆಲದ ಮೇಲೆ ಎರಚಿದ ಯೂರಿಯಾ ಕರಗಿ ಅಮೋನಿಯವಾಗಿ ಗಾಳಿಗೆ ಹಾರಿಹೋಗುತ್ತದೆ. ನಿಂತ ನೀರಿನಲ್ಲಿ ಎರಚಿದರಂತೂ, ಹಗಲಿನ ಬಿಸಿಲಿಗೆ ಪಾಚಿ ನೀರಿನ ಕ್ಷಾರವನ್ನು ಮತ್ತೂ ಏರಿಸಿ ಈ ಹಾನಿಯನ್ನು ಹೆಚ್ಚಿಸುತ್ತದೆ. ನೀರು ಬಸಿದು, ಕೆಸರಿಗೆ ಗೊಬ್ಬರ ಹಾಕಿ ಕಲಸಿ, ಮೇಲುಗೊಬ್ಬರವನ್ನು ಕಂತುಗಳಲ್ಲಿ ಕೊಟ್ಟರೆ ಅದೇ ಫಲ ಕಡಮೆ ಚೀಲಗಳಲ್ಲಿ ದೊರೆಯುತ್ತದೆಂಬುದು ನಿರ್ವಿವಾದ. ಆದರೆ ಕೊನೆಭಾಗದ ರೈತನಿಗೆ, ಇಂದು ಬಸಿದ ನೀರು ಮತ್ತೆ ಬಂದೀತೆಂಬ ನೆಚ್ಚಿಕೆಯಿಲ್ಲದಿರುವಾಗ, ಬಸಿಯೆಂದು ಹೇಳುವುದು ಸುಲಭ, ಬಸಿಯುವುದು ಕಠಿಣ. ಗೊಬ್ಬರದ ಸದ್ವಿನಿಯೋಗ ಕಾಲುವೆಯ ಶಿಸ್ತನ್ನು ಅವಲಂಬಿಸಿದೆಯೆಂಬ ವಿಷಯ ಗೊಬ್ಬರದ ಪುಸ್ತಕಗಳಲ್ಲಿ ಸಾಮಾನ್ಯವಾಗಿ ಬರುವುದಿಲ್ಲ.

ಎಡೆಬಿಡದೆ ನೀರುಂಡ ಎರೆಹೊಲ ಕ್ರಮೇಣ ಜೌಗಾಗಿ ಸವಳಾಗುವುದು ತುಂಗಭದ್ರಾ ಸೀಮೆಯ ಇನ್ನೊಂದು ದುರಂತ. ಗಂಗಾವತಿಯ ಕೃಷಿ ಸಂಶೋಧನ ಕೇಂದ್ರದಲ್ಲಿ ಈ ನೆಲಗಳ ಮೇಲೆ ದೀರ್ಘಕಾಲದಿಂದ ಸಂಶೋಧನೆ ನಡೆದಿದೆ. ಸವಳು ನೆಲದಲ್ಲಿ ಬೇರು ಬಾಯಿಮುಚ್ಚಿದಂತಿರುವುದರಿಂದ ಮೇಲೆ ಸುರಿದ ಗೊಬ್ಬರ ನಿಷ್ಫಲ. ಫಲ ಬಾರದ್ದನ್ನು ಕಂಡ ರೈತ ಮತ್ತಷ್ಟು ಸುರಿಯುತ್ತಾನೆ. ಇದರೊಡನೆ ಸತುವಿನ ಕೊರತೆ ಸೇರಿದೆ. ವರ್ಷವರ್ಷವೂ ಡಿಎಪಿ ಬಿದ್ದು ರಂಜಕ ಕೂಡಿಹಾಕಿಕೊಂಡ ನೆಲದಲ್ಲಿ ಸತುವು ಪೈರಿಗೆ ದೊರಕದೆ, ಎಳೆಯ ಭತ್ತದ ಎಲೆ ತುಕ್ಕುಬಣ್ಣಕ್ಕೆ ತಿರುಗುತ್ತದೆ. ಆಗ ಬೇಕಾದುದು ಎಕರೆಗೆ ಹತ್ತು ಕಿಲೋ ಸತುವಿನ ಸಲ್ಫೇಟು; ಬೀಳುವುದು ಇನ್ನೊಂದು ಚೀಲ ಯೂರಿಯಾ.

ಮಳೆಯಾಶ್ರಯದ ಹೊಲ

ಗದ್ದೆಯ ಸೀಮೆಯನ್ನು ದಾಟಿ ಹಿಂಗಾರಿ ಜೋಳ, ಕಡಲೆ, ತೊಗರಿ, ಹತ್ತಿಗಳ ನಾಡಿಗೆ ಬಂದರೆ ಚಿತ್ರ ತಿರುಗುಮುರುಗಾಗುತ್ತದೆ. ಹತ್ತಿಯೊಂದಕ್ಕೆ ಗೊಬ್ಬರ ಬೀಳುತ್ತದೆ, ಕೆಲವೊಮ್ಮೆ ಅತಿಯಾಗಿಯೇ ಬೀಳುತ್ತದೆ. ಹಿಂಗಾರಿಯ ಬಿಳಿಜೋಳ ಎರೆಯಲ್ಲಿ ಹುದುಗಿದ ತೇವವನ್ನೂ ಹಿಂದಿನ ಬೆಳೆಯ ಶೇಷವನ್ನೂ ನಂಬಿ ಬೆಳೆಯುತ್ತದೆ. ಮಳೆ ಬಾರದಿದ್ದರೆ ಗೊಬ್ಬರದ ಹಣ ಮಣ್ಣುಪಾಲು ಎಂಬ ಭಯದಿಂದ ಇಲ್ಲಿ ಕೈ ಹಿಡಿದು ಬಳಸುವುದು ವಿವೇಕವೇ ಸರಿ. ಆದರೆ ಈ ನೆಲಗಳಿಗೆ ಏನು ಬೇಕಾಗಿದೆಯೆಂಬುದನ್ನು ಸರ್ಕಾರಿ ಗೊಬ್ಬರದ ಚೀಲವು ಬಹುಕಾಲ ಕೇಳಲೇ ಇಲ್ಲ. 2009ರಲ್ಲಿ ಕರ್ನಾಟಕ ಸರ್ಕಾರ ಪಟಾಂಚೆರುವಿನ ಇಕ್ರಿಸಾಟ್ ಕೃಷಿ ಸಂಶೋಧನ ಸಂಸ್ಥೆಯ ಸಹಕಾರದಿಂದ ಆರಂಭಿಸಿದ ಭೂಚೇತನ ಯೋಜನೆಯಲ್ಲಿ ಜಿಲ್ಲೆಗಳ ಮಣ್ಣನ್ನು ವ್ಯಾಪಕವಾಗಿ ಪರೀಕ್ಷಿಸಿದಾಗ, ಗಂಧಕ, ಸತು, ಬೋರಾನುಗಳ ಕೊರತೆ ಎದ್ದು ಕಂಡಿತು. ಜಿಪ್ಸಂ, ಸತುವಿನ ಸಲ್ಫೇಟು, ಬೋರಾಕ್ಸುಗಳನ್ನು ಸ್ವಲ್ಪ ಸ್ವಲ್ಪವಾಗಿ ಕೊಟ್ಟ ಮಾತ್ರಕ್ಕೇ ಮಳೆಯಾಶ್ರಯದ ಬೆಳೆಗಳ ಇಳುವರಿ ಏರಿತು. ಕರ್ನಾಟಕ ನಡೆಸಿದ ಪ್ರಯೋಗಗಳಲ್ಲಿ ಇದು ಶ್ಲಾಘ್ಯವಾದುದು.

ಚೀನಾ ಹಿಂದಿರುಗಿದ ಬಗೆ

2015ರಲ್ಲಿ ಚೀನಾ ಸರ್ಕಾರವು 2020ರೊಳಗೆ ರಸಗೊಬ್ಬರದ ಬಳಕೆಯ ಏರಿಕೆಯನ್ನು ಶೂನ್ಯಕ್ಕಿಳಿಸಬೇಕೆಂದು ಕಾರ್ಯಕ್ರಮವನ್ನು ಘೋಷಿಸಿತು. ಅದೇ ವರ್ಷದ ಸೆಪ್ಟೆಂಬರಿನಲ್ಲಿ ಗೊಬ್ಬರಕ್ಕಿದ್ದ ತೆರಿಗೆಯ ವಿನಾಯಿತಿಯನ್ನು ತೆಗೆದುಹಾಕಿತು. ಏರಿಕೆ ನಿಂತುದಷ್ಟೇ ಅಲ್ಲ, ಬಳಕೆ ಇಳಿಯತೊಡಗಿತು: 6 ಕೋಟಿ 2 ಲಕ್ಷ ಟನ್ನಿನಿಂದ 2023ರ ಹೊತ್ತಿಗೆ ಸುಮಾರು 5 ಕೋಟಿ 2 ಲಕ್ಷ ಟನ್ನಿಗೆ ಬಂದಿತು. ಧಾನ್ಯದ ಉತ್ಪತ್ತಿ ಕುಗ್ಗಲಿಲ್ಲ. ಬೆಳೆಗೆ ಸೇರುವ ಗೊಬ್ಬರದ ಪ್ರಮಾಣ 2020ರಲ್ಲಿ ಶೇಕಡಾ 40ನ್ನು ದಾಟಿತು.

ಆಜ್ಞೆಯಿಂದಲೇ ಇದು ಸಾಧ್ಯವಾಯಿತೆಂದು ತಿಳಿಯಬಾರದು. ಹೆಬೆಯ್ ಪ್ರಾಂತದ ಚುಜೌ ಎಂಬ ಜಿಲ್ಲೆ ಹಿಂದೆ ಸವಳು ನೆಲಕ್ಕೆ ಕುಪ್ರಸಿದ್ಧವಾಗಿತ್ತು. ಬೀಜಿಂಗಿನ ಕೃಷಿ ವಿದ್ವಾಂಸರು 1973ರಲ್ಲಿ ಅಲ್ಲಿ ನೆಲೆಯೂರಿ, ಬಸಿಗಾಲುವೆಗಳಿಂದ ಅದನ್ನು ಸುಧಾರಿಸಿದರು. ಅದೇ ಚುಜೌವಿನಲ್ಲಿ 2009ರಲ್ಲಿ ಪ್ರಾಧ್ಯಾಪಕ ಜಾಂಗ್ ಫೂಸ್ವೊ ಅವರ ತಂಡ ಮೊದಲು ಮಾಡಿದ ಏರ್ಪಾಡಿಗೆ ವಿಜ್ಞಾನದ ಹಿತ್ತಿಲು ಎಂಬರ್ಥದ ಹೆಸರುಂಟು. ಸ್ನಾತಕೋತ್ತರ ವಿದ್ಯಾರ್ಥಿಗಳು ಹಳ್ಳಿಯ ಮನೆಯೊಂದರಲ್ಲಿ ವಾಸಮಾಡಿ, ಬಿತ್ತನೆಯಿಂದ ಸುಗ್ಗಿಯವರೆಗೆ ರೈತನ ಜೊತೆಯಲ್ಲೇ ಹೊಲಕ್ಕಿಳಿದು, ಅವನ ಪ್ರಶ್ನೆಯನ್ನೇ ತಮ್ಮ ಸಂಶೋಧನೆಯ ವಿಷಯವಾಗಿಸಿಕೊಳ್ಳುವರು. 2005ರಿಂದ 2015ರವರೆಗೆ ಚೀನಾದ ವಿಜ್ಞಾನಿಗಳು ಎರಡು ಕೋಟಿ ಒಂಬತ್ತು ಲಕ್ಷ ಸಣ್ಣ ರೈತರೊಡನೆ ನಡೆಸಿದ ವಿಶಾಲ ಪ್ರಯತ್ನದ ಫಲಿತಾಂಶ 2018ರಲ್ಲಿ ಪ್ರಕಟವಾಯಿತು: ಇಳುವರಿ ಶೇಕಡಾ 11ರ ಆಸುಪಾಸು ಏರಿ, ಸಾರಜನಕದ ಬಳಕೆ ಶೇಕಡಾ 15ರಿಂದ 18ರಷ್ಟು ಇಳಿದಿತ್ತು.

ಭಾರತವೂ ಕೈಕಟ್ಟಿ ಕುಳಿತಿಲ್ಲ. 2015ರ ಫೆಬ್ರವರಿಯಲ್ಲಿ ಮಣ್ಣು ಆರೋಗ್ಯ ಚೀಟಿಯ ಯೋಜನೆ ಪ್ರಾರಂಭವಾಯಿತು. ಅದೇ ವರ್ಷ ಯೂರಿಯಾಕ್ಕೆಲ್ಲ ಬೇವಿನೆಣ್ಣೆಯ ಲೇಪ ಕಡ್ಡಾಯವಾಯಿತು. 2018ರಿಂದ ದೇಶಾದ್ಯಂತ ಅಂಗಡಿಯ ಯಂತ್ರದಲ್ಲಿ ಹೆಬ್ಬೆಟ್ಟೊತ್ತಿ ಗೊಬ್ಬರ ಕೊಳ್ಳುವ ಕ್ರಮ ಬಂದಿತು. ಬೇವಿನ ಲೇಪದಿಂದ ಯೂರಿಯಾ ಅನ್ಯ ಕಾರ್ಖಾನೆಗಳಿಗೆ ಕಳ್ಳದಾರಿಯಲ್ಲಿ ಹೋಗುವುದು ಕಷ್ಟವಾಯಿತು. ಚೀಟಿಯ ವಿಷಯದಲ್ಲಿ ಮಾತ್ರ ನಿರಾಶೆಯನ್ನು ಮುಚ್ಚಿಡಲಾಗದು. ಹನ್ನೆರಡು ಅಂಶಗಳ ಪಟ್ಟಿಯುಳ್ಳ ಆ ಕಾಗದವನ್ನು ಓದಿ, ಇಷ್ಟು ಚೀಲ ಹಾಕು, ಇಷ್ಟು ಬಿಡು ಎಂದು ಹೊಲದ ಬದುವಿನಲ್ಲಿ ನಿಂತು ಹೇಳುವವರಿಲ್ಲದಿದ್ದರೆ, ಅದು ದೇವರ ಗೂಡಿನಲ್ಲಿಯೋ ಟ್ರಂಕಿನಲ್ಲಿಯೋ ಉಳಿಯುತ್ತದೆ. ಚೀನಾದ ಹಿತ್ತಿಲಿಗೂ ನಮ್ಮ ಚೀಟಿಗೂ ಇರುವ ಭೇದ ಇದೇ: ಅಲ್ಲಿ ಮನುಷ್ಯನು ಬಂದನು, ಇಲ್ಲಿ ಕಾಗದ ಬಂದಿತು. ಯೂರಿಯಾದ ಬೆಲೆಯನ್ನು ಸರಿಪಡಿಸುವುದು ದೆಹಲಿಯ ಕೆಲಸ, ಅದಕ್ಕೆ ರಾಜಕೀಯ ಧೈರ್ಯ ಬೇಕು. ಆದರೆ ಮನುಷ್ಯನನ್ನು ಹಳ್ಳಿಗೆ ಕಳುಹಿಸುವ ಕೆಲಸಕ್ಕೆ ರಾಯಚೂರಿನಿಂದಾಚೆಗೆ ಕೈಚಾಚಬೇಕಾಗಿಲ್ಲ.

ರಾಯಚೂರಿನಲ್ಲಿ 1932ರಿಂದ ಕೃಷಿ ಸಂಶೋಧನಾಕ್ಷೇತ್ರವಿದೆ, 1985ರಿಂದ ಕೃಷಿ ಮಹಾವಿದ್ಯಾಲಯವಿದೆ, ಅದರ ಮೇಲೆ ಈಗ ವಿಶ್ವವಿದ್ಯಾನಿಲಯವಿದೆ. ಹೋಬಳಿಗೊಂದರಂತೆ ರೈತ ಸಂಪರ್ಕ ಕೇಂದ್ರವಿದೆ. ಕೃಷಿ ಪದವಿಯ ಕೊನೆಯ ವರ್ಷದಲ್ಲಿ ವಿದ್ಯಾರ್ಥಿಗಳು ಗ್ರಾಮೀಣ ಕಾರ್ಯಾನುಭವಕ್ಕಾಗಿ ಕೆಲವು ತಿಂಗಳು ಹಳ್ಳಿಯಲ್ಲಿ ತಂಗುವ ಪದ್ಧತಿಯೂ ನಮ್ಮಲ್ಲಿ ಆಗಲೇ ಉಂಟು. ಆ ತಂಗುವಿಕೆಯನ್ನು ಮುಂಗಾರಿ ಹಿಂಗಾರಿ ಎರಡಕ್ಕೂ ವಿಸ್ತರಿಸಿ, ಒಂದು ಬಾರಿ ಗದ್ದೆಯ ಊರಿಗೂ ಒಂದು ಬಾರಿ ಮಲ್ಲಟದಂಥ ಎರೆಹೊಲದ ಊರಿಗೂ ವಿದ್ಯಾರ್ಥಿಗಳನ್ನು ಕಳುಹಿಸಿ, ಅಂಗಡಿಯವನಲ್ಲದ ಒಬ್ಬರು ಬಿತ್ತನೆಯ ದಿನ ರೈತನ ಬದಿಯಲ್ಲಿ ನಿಲ್ಲುವಂತೆ ವಿಶ್ವವಿದ್ಯಾನಿಲಯವು ಏರ್ಪಡಿಸಬೇಕು.